ಟ್ರೇಲರ್ ಪಿನ್ನು ಯಾವಾಗ ಬದಲಿಸಬೇಕು?

ಊರಲ್ಲಿ ಅಪ್ಪನ ಟ್ರ್ಯಾಕ್ಟರ್ ಇದೆಯಾ? ಹಾಗಾದ್ರೆ ಇದು ನಿಮಗೇ. ಟೈರು, ಬ್ಯಾಟರಿ, ಡೀಸೆಲ್ ಬಗ್ಗೆ ಫೋನಿನಲ್ಲಿ ವಿಚಾರಿಸುತ್ತೇವೆ. ಟ್ರೇಲರ್ ಹಿಡಿದಿಡುವ ಪಿನ್ನಿನ ಬಗ್ಗೆ ಮಾತ್ರ ಯಾರೂ ಕೇಳೋದಿಲ್ಲ.

ನಮ್ಮದು ನವಲಗುಂದ ತಾಲೂಕು. ಹೆಸರು, ಕಡಲೆ, ಉಳ್ಳಾಗಡ್ಡಿ ಎಲ್ಲಾ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೋಗೋದು ಟ್ರೇಲರ್‌ನಲ್ಲೇ. ಎರಿ ಹೊಲದ ದಾರಿಯ ಪ್ರತಿ ತಗ್ಗಿನಲ್ಲೂ ಪಿನ್ನಿಗೆ ಪೆಟ್ಟು. ಮೊದಲು ಪಿನ್ನು ಸವೆಯುತ್ತದೆ, ಆಮೇಲೆ ತೂತು ತತ್ತಿಯಂತೆ ಉದ್ದ ಆಗುತ್ತದೆ. ಸಡಿಲಾದಷ್ಟೂ ಪೆಟ್ಟು ಜೋರು, ಪೆಟ್ಟು ಜೋರಾದಷ್ಟೂ ಸವೆತ ಬೇಗ.

"ಹತ್ತು ವರ್ಷ ಆತು, ಏನೂ ಆಗಿಲ್ಲ. ಇನ್ನೂ ಗಟ್ಟಿ ಐತಿ ಬಿಡು" ಅಂದರು ಅಪ್ಪ. ನಾನು ವಾದಕ್ಕಿಳಿಯದೆ ಕ್ಯಾಲಿಪರ್ ತಂದೆ. ತಲೆಯ ಹತ್ತಿರ ಸವೆಯದ ಜಾಗ 30 ಮಿ.ಮೀ., ನಡುವೆ 26. ನಾಲ್ಕೇ ಮಿ.ಮೀ. ಅನ್ನಿಸಬಹುದು. ಆದರೆ ಸುತ್ತಲೂ ಹಾಗೆ ಸವೆದರೆ, ಅಲ್ಲಿ ಭಾರ ಹೊರುವ ಕಬ್ಬಿಣದಲ್ಲಿ ಕಾಲು ಭಾಗವೇ ಹೋದಂತೆ. ಲೆಕ್ಕ ಕೇಳಿ ಅಪ್ಪ ಸುಮ್ಮನಾದರು.

ನಾನು ಹಾಕಿಕೊಂಡ ಗೆರೆ ಇಷ್ಟು: ದಪ್ಪದಲ್ಲಿ ಹತ್ತರಲ್ಲೊಂದು ಭಾಗ ಸವೆದರೆ ಹೊಸ ಪಿನ್ನು. ಭಾರ ಎತ್ತುವ ಸರಪಳಿಗೂ ಸಾಮಾನ್ಯವಾಗಿ ಇದೇ ಲೆಕ್ಕ. ಬಾಗಿದ್ದರೆ, ಬಿರುಕಿದ್ದರೆ ಅಳೆಯುವುದೇ ಬೇಡ, ಅವತ್ತೇ ತೆಗೆಯಿರಿ. ಸವೆದ ಪಿನ್ನಿಗೆ ವೆಲ್ಡಿಂಗ್ ಮಾಡಿಸಬೇಡಿ. ತೂತು ಉದ್ದವಾಗಿದ್ದರೆ ಬರೀ ಪಿನ್ನು ಬದಲಿಸಿ ಉಪಯೋಗವಿಲ್ಲ, ಆ ಭಾಗವೂ ಹೊಸದಾಗಬೇಕು.

ಕೈಗೆ ಸಿಕ್ಕ ಬೋಲ್ಟ್ ಹಾಕುವ ರೂಢಿ ಎಲ್ಲಾ ಕಡೆ ಇದೆ. ಬೋಲ್ಟ್ ತಲೆಯ ಮೇಲಿನ ಅಂಕಿ ನೋಡಿ: 8.8 ಬೋಲ್ಟಿನ ಉಕ್ಕು 4.6 ಬೋಲ್ಟಿನ ಉಕ್ಕಿಗಿಂತ ಎರಡು ಪಟ್ಟು ಗಟ್ಟಿ. ಎರಡೂ ಕಣ್ಣಿಗೆ ಒಂದೇ ಥರ. ಅದಕ್ಕೇ ಟ್ರ್ಯಾಕ್ಟರ್ ಕಂಪನಿ ಹೇಳಿದ ಅಳತೆಯ ಪಿನ್ನನ್ನೇ ತರಬೇಕು, ಜೊತೆಗೆ ಅದು ಮೇಲೆ ಜಿಗಿಯದಂತೆ ಲಾಕ್, ಆಚೆ ಒಂದು ಸುರಕ್ಷತಾ ಸರಪಳಿ.

ಟ್ರೇಲರ್ ಇರೋದು ಸರಕಿಗೆ, ಜನರಿಗಲ್ಲ. ಆದರೂ ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳು ಅದರಲ್ಲೇ ಕೂತು ಹೋಗೋದು ನಮಗೆಲ್ಲ ಗೊತ್ತು. ಕಲಘಟಗಿ ಕಡೆಯ ಇಳಿಜಾರಿರಲಿ, ಅಣ್ಣಿಗೇರಿಯ ಹೆದ್ದಾರಿ ಇರಲಿ, ಪಿನ್ನು ಮುರಿದರೆ ಟ್ರೇಲರ್‌ಗೆ ಸ್ಟೇರಿಂಗೂ ಇಲ್ಲ, ಹೆಚ್ಚಿನವಕ್ಕೆ ಬ್ರೇಕೂ ಇಲ್ಲ.

ಇವತ್ತೇ ಮನೆಗೆ ಫೋನ್ ಮಾಡಿ. ಪಿನ್ನು ಬಿಚ್ಚಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸೋಕೆ ಹೇಳಿ. ಸುಗ್ಗಿ ಶುರುವಾಗೋ ಮುಂಚೆ ಆದರೆ ಇನ್ನೂ ಒಳ್ಳೇದು.