ಎಫ್‌ಬಿಐ ತರಬೇತಿ ಪಡೆಯದ ‘ತಜ್ಞ’

ಫ್ರಾನ್ಸ್‌ನ ಸ್ಟೆಫಾನ್ ಬೂರ್ಗ್ವಾಂ. ಸೀರಿಯಲ್ ಕಿಲ್ಲರ್‌ಗಳ ಬಗ್ಗೆ ಹತ್ತಾರು ಪುಸ್ತಕ ಬರೆದವರು. ಟೀವಿಯವರಿಗಂತೂ ದಶಕಗಟ್ಟಲೆ ಇವರೇ ತಜ್ಞ. 77 ಹಂತಕರನ್ನು ಸಂದರ್ಶಿಸಿದ್ದೇನೆ, ಅಮೆರಿಕದ ಎಫ್‌ಬಿಐನಲ್ಲಿ ತರಬೇತಿ ಪಡೆದಿದ್ದೇನೆ ಎನ್ನುತ್ತಿದ್ದರು. 1976ರಲ್ಲಿ ನನ್ನ ಹೆಂಡತಿಯನ್ನೇ ಒಬ್ಬ ಹಂತಕ ಕೊಂದ ಎಂದೂ ಹೇಳಿಕೊಂಡರು. ಅಂಥ ದುಃಖ ಹೇಳಿಕೊಂಡವರ ಹತ್ತಿರ ದಾಖಲೆ ಕೇಳಲು ಯಾರಿಗೆ ಬಾಯಿ ಬಂದೀತು?

ಕೊನೆಗೂ ಕೇಳಿದ್ದು ಹೆಸರು ಹೇಳಿಕೊಳ್ಳದ ಒಂದು ಗುಂಪು. ಅವರ ಪುಸ್ತಕ, ಹಳೆಯ ಸಂದರ್ಶನಗಳನ್ನು ಪಕ್ಕಪಕ್ಕ ಇಟ್ಟು ನೋಡಿತು. ಹೆಂಡತಿಯ ಕಥೆ ಒಂದೊಂದು ಕಡೆ ಒಂದೊಂದು ಥರ!

2020ರಲ್ಲಿ ಅವರೇ ಒಪ್ಪಿಕೊಂಡರು: ಅಂಥ ಹೆಂಡತಿ ಇರಲೇ ಇಲ್ಲ, ಎಫ್‌ಬಿಐ ತರಬೇತಿಯೂ ಸುಳ್ಳು.

ನನಗೆ ಸಹಿಸಲಾಗದ್ದು ಇನ್ನೊಂದಿದೆ. ಆ ಕಥೆ ಕಟ್ಟಲು ಅವರು ಬಳಸಿಕೊಂಡದ್ದು, ಫ್ಲಾರಿಡಾದಲ್ಲಿ ನಿಜಕ್ಕೂ ಕೊಲೆಯಾದ ಒಬ್ಬ ಯುವತಿಯ ಸಾವನ್ನು.