ಕಾಯಿಗೆ ಗುರಿ

ಮಳೆ ಈಗಷ್ಟೇ ಬಿಟ್ಟಿದೆ. ನಾಟಿಯಾದ ಗದ್ದೆಗಳ ಪಕ್ಕದ ಬಯಲು ಜನರ ಕಾಲಡಿ ಕೆಸರಾಗಿದೆ. ಈ ತುದಿಯಲ್ಲಿ ಮೇಜು, ಮೈಕು, ಮಡಚಿಟ್ಟ ಕೊಡೆಗಳು. ಆ ತುದಿಯಲ್ಲಿ ಗೂಟದ ಮೇಲೊಂದು ಸುಲಿದ ತೆಂಗಿನಕಾಯಿ, ಅದರ ಬೆನ್ನಿಗೆ ಕೆಂಪು ಮಣ್ಣಿನ ಬರೆ. ಕೊಡಗಿನ ಹಳ್ಳಿಯ ಶೂಟಿಂಗ್ ರೇಂಜ್ ಎಂದರೆ ಇಷ್ಟೇ. ಬರೆ ಮಾತ್ರ ಬೇಕೇ ಬೇಕು. ಪಾಯಿಂಟ್ ಟೂ ಟೂ ಗುಂಡು ನೋಡಲು ಕಡಲೆಕಾಳಿನಷ್ಟು; ಅಡ್ಡ ಏನೂ ಇಲ್ಲದಿದ್ದರೆ ಮೈಲಿ ದಾಟಿ ಹೋಗುತ್ತದೆ.

ಸೆಪ್ಟೆಂಬರಿನ ಮೊದಲ ವಾರ, ಕೊಡವರ ಹಬ್ಬ ಕೈಲ್‌ಪೊಳ್ದ್. ನಾಟಿಯ ದಿನಗಳಲ್ಲಿ ಮೂಲೆ ಸೇರಿದ್ದ ಕೋವಿಗಳು ತೋಕ್ ಪೂ ಮುಡಿದು ಪೂಜೆ ಮಾಡಿಸಿಕೊಂಡು ಬಂದಿವೆ. ಬೆಂಕಿಯ ನಾಲಗೆಯಂಥ ಆ ಹೂವು ಕೆಲವರ ಜೇಬಿನಲ್ಲಿ ಇನ್ನೂ ಇಣುಕುತ್ತಿದೆ. ಹಿಂದೆಲ್ಲ ಹಬ್ಬವೆಂದರೆ ಹಂದಿ ಬೇಟೆಯೂ ಇತ್ತು. 1972ರ ವನ್ಯಜೀವಿ ಕಾಯ್ದೆಯ ನಂತರ ಹಂದಿಯ ಮಾತು ಕಥೆಗೆ ಸೇರಿತು, ಕಾಯಿ ಉಳಿಯಿತು.

ಕಣ್ಣು ಮುಚ್ಚಿ ಕೂತರೂ ಯಾವ ಕೋವಿ ಎಂದು ತಿಳಿಯುತ್ತದೆ. ಪಾಯಿಂಟ್ ಟೂ ಟೂ ರೈಫಲ್ಲಿನದು ಒಣಕಡ್ಡಿ ಮುರಿದಂಥ ಸದ್ದು. ಅದರ ನಳಿಗೆಯೊಳಗಿನ ಸುರುಳಿ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರ ಕಳಿಸುತ್ತವೆ. ಏರ್‌ಗನ್ನಿನದು ಬರೀ ಗಾಳಿ, ಮಕ್ಕಳ ಪಾಲಿನದು. ಜೋಡು ನಳಿಗೆಯ 12 ಬೋರ್ ಕೋವಿಯ ಸದ್ದು ಮಾತ್ರ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಹೊಡೆದವನ ಭುಜ ಒಂದಿಂಚು ಹಿಂದೆ ಸರಿಯುತ್ತದೆ. ಒಳಗೆ ನುಣುಪಾದ ನಳಿಗೆ, ತೋಟಾದೊಳಗೆ ಸೀಸದ ಚರೆ. ಹೆಸರಿನ ಲೆಕ್ಕ ಹಳೆಯದು: ನಳಿಗೆಗೆ ಸರಿಹೊಂದುವ ಸೀಸದ ಉಂಡೆಗಳು ಹನ್ನೆರಡು ಸೇರಿದರೆ ಒಂದು ಪೌಂಡ್. ಆದ್ದರಿಂದ 16 ಬೋರ್ ಎಂದರೆ ಇದಕ್ಕಿಂತ ಚಿಕ್ಕದು. ಇದು ತಲೆಗೆ ಹೋಗಲು ನನಗೆ ಬಹಳ ದಿನ ಬೇಕಾಯಿತು.

ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿಯಿದೆ; 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಸಾವಿಗೆ ಆಕಾಶಕ್ಕೆ ಎರಡು ಗುಂಡು, ಗಂಡುಮಗು ಹುಟ್ಟಿದರೆ ಒಂದು ಗುಂಡು ಎಂಬುದು ಇಲ್ಲಿನ ಪದ್ಧತಿ. ತಾನು ಹುಟ್ಟಿದಾಗ ಸದ್ದೇ ಕೇಳಿಸದ ಹುಡುಗಿಯೊಬ್ಬಳು ಈಗ ರೈಫಲ್ ಹಿಡಿದು ನಿಂತಿದ್ದಾಳೆ. ಬೆನ್ನ ಹಿಂದೆ ಅವಳ ಮಾವ.

“ಎಳೀಬೇಡ ಮಗಳೇ, ಮೆಲ್ಲಗೆ ಒತ್ತು.”

ಟಪ್.

ಕಾಯಿ ಅಲ್ಲಾಡಲಿಲ್ಲ. “ತಪ್ಪಿತು” ಎಂದಿತು ಮೈಕು. ಅಷ್ಟರಲ್ಲಿ ಮುಂದಿದ್ದ ಮಕ್ಕಳು ಕೂಗಿದರು: “ನೀರು! ನೀರು!” ಕಾಯಿಯ ಹೊಟ್ಟೆಯಿಂದ ದಾರದಂತೆ ನೀರು ಇಳಿಯುತ್ತಿದೆ. ಒಡೆದರೆ ಮಾತ್ರ ಲೆಕ್ಕ ಎಂದರು ಕೆಲವರು. ತೂತಾದರೆ ಸಾಲದೇ ಎಂದ ಮಾವ. ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ಲಿನಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ಯಂತ್ರವೇ ದಶಮಾಂಶದವರೆಗೆ ಅಳೆದು ಹೇಳುತ್ತದೆ. ಇಲ್ಲಿ ತೀರ್ಪುಗಾರರಾದ ಹಿರಿಯರು ಎದ್ದು, ಪಂಚೆ ಮೇಲೆತ್ತಿ, ಎಲ್ಲರ ಕೋವಿಗಳನ್ನೂ ಕೆಳಗಿಡಿಸಿ, ಐವತ್ತು ಮೀಟರ್ ಕೆಸರಿನಲ್ಲಿ ಹೆಜ್ಜೆ ಹಾಕತೊಡಗಿದರು. ಮತ್ತೆ ಹನಿಯಲಾರಂಭಿಸಿತು. ಯಾರೋ ಕೊಡೆ ಬಿಚ್ಚಿ ಹಿಂದೆ ಓಡಿದರು.