ಹಲೋ ಎಂದರೆ ಹಲೋ ಎನ್ನುವ ಯಂತ್ರ, ಅದೂ ಕನ್ನಡದಲ್ಲಿ!

"ನಾಡಿದ್ದು ಬರ್ತೀವಿ, ನಾಲ್ಕು ಜನ. ರೂಮ್ ಸಿಗುತ್ತಾ?"

"ನಾಡಿದ್ದು ಅಂದ್ರೆ ಶನಿವಾರ ಅಲ್ವಾ ಸರ್? ಎರಡು ರೂಮ್ ಖಾಲಿ ಇವೆ. ಮಕ್ಕಳಿದ್ದಾರಾ?"

ಚಿಕ್ಕಮಗಳೂರಿನ ಕಾಫಿ ತೋಟದ ಹೋಮ್‌ಸ್ಟೇಯೊಂದಕ್ಕೆ ಫೋನ್ ಮಾಡಿದಾಗ ಹೀಗೆ ಮಾತಾಡುವುದು ಮಾಲೀಕರೇ ಆಗಬೇಕೆಂದಿಲ್ಲ. ಅದು ಯಂತ್ರವೂ ಆಗಿರಬಹುದು! ಆ ಪ್ರಶ್ನೆಗೂ ಈ ಉತ್ತರಕ್ಕೂ ನಡುವಿನ ಪುಟ್ಟ ವಿರಾಮದಲ್ಲಿ ಏನೆಲ್ಲ ನಡೆದುಹೋಗುತ್ತದೆ, ನೋಡಿ.

ಸಾಮಾನ್ಯ ಫೋನ್ ಕರೆಯಲ್ಲಿ ನಿಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಅಂಕಿಗಳಾಗಿಸಿ ಕಳಿಸಲಾಗುತ್ತದೆ. ಅಲ್ಲಿ ಮೂರು ತಂತ್ರಾಂಶಗಳು ಕಾದಿರುತ್ತವೆ. ಮೊದಲನೆಯದು ಆ ಅಂಕಿಗಳಲ್ಲಿ ಕನ್ನಡದ ಪದಗಳನ್ನು ಹುಡುಕುತ್ತದೆ. ನೀವು ಮಾತು ಮುಗಿಸಿದಿರೋ, ಉಸಿರಿಗಾಗಿ ನಿಂತಿರೋ ಎಂದೂ ಅದೇ ಕ್ಷಣದಲ್ಲಿ ತೀರ್ಮಾನವಾಗಬೇಕು! ಎರಡನೆಯದು 'ನಾಡಿದ್ದು' ಎಂಬುದನ್ನು ತಾರೀಕಾಗಿಸಿ, ಬುಕಿಂಗ್ ಕ್ಯಾಲೆಂಡರ್ ತೆರೆದು, ಖಾಲಿ ರೂಮು ಎಣಿಸಿ, ವಾಕ್ಯ ಹೊಸೆಯುತ್ತದೆ. ಮೂರನೆಯದು ಆ ವಾಕ್ಯಕ್ಕೆ ದನಿ ಕೊಡುತ್ತದೆ. ರಿಲೇ ಓಟದ ಕೋಲಿನಂತೆ ಮಾತು ಕೈಯಿಂದ ಕೈಗೆ ದಾಟುತ್ತದೆ. ಹತ್ತು ಭಾಷೆಗಳ ಸಂಭಾಷಣೆ ಅಳೆದ 2009ರ ಅಧ್ಯಯನದ ಪ್ರಕಾರ, ಒಬ್ಬರು ಕೇಳಿ ಇನ್ನೊಬ್ಬರು ಉತ್ತರಿಸುವ ನಡುವೆ ಮನುಷ್ಯರು ಬಿಡುವ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಯಂತ್ರ ಬೆನ್ನಟ್ಟಿರುವುದು ಆ ವೇಗವನ್ನು!

1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ 'ಆಡ್ರೆ' ಯಂತ್ರಕ್ಕೆ ಅರ್ಥವಾಗುತ್ತಿದ್ದದ್ದು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಮಾತ್ರ. 2018ರ ಮೇ ತಿಂಗಳಲ್ಲಿ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ವೇದಿಕೆಯ ಮೇಲೆ ಮಾತಾಡುವ ತಂತ್ರಾಂಶ ಗೂಗಲ್ ಡುಪ್ಲೆಕ್ಸ್‌ನ ಕರೆಯೊಂದನ್ನು ಕೇಳಿಸಿದರು. ಸಲೂನಿಗೆ ಕರೆಮಾಡಿ ಸಮಯ ಗೊತ್ತುಮಾಡಿಕೊಂಡ ಆ ದನಿ ನಡುವೆ 'ಹ್ಞೂಂ' ಎಂದಾಗ ಸಭೆ ದಂಗಾಯಿತು! ಅಂದು ಯಂತ್ರ ಗಿರಾಕಿಯ ಪರವಾಗಿ ಕರೆ ಮಾಡಿತ್ತು. ಇಂದು ಅಂಗಡಿಯ ಪರವಾಗಿ ಕರೆ ಸ್ವೀಕರಿಸುತ್ತಿದೆ.

ಇದರ ಬೆಲೆ ಗೊತ್ತಾಗಬೇಕಾದರೆ ಡಿಸೆಂಬರಿನಲ್ಲಿ ಮಲೆನಾಡಿಗೆ ಬನ್ನಿ. ಅರೇಬಿಕಾ ಕೊಯ್ಲೂ ಆಗಲೇ, ಪ್ರವಾಸಿಗರ ನೂಕುನುಗ್ಗಲೂ ಆಗಲೇ. ಮಾಲೀಕರು ಕಣದಲ್ಲಿ ಕಾಫಿ ಹರವಿಸುತ್ತಿರುವಾಗ ಫೋನ್ ಹೊಡೆದುಕೊಂಡು ಸುಮ್ಮನಾಗುತ್ತದೆ. ಗಿರಾಕಿ ಮುಂದಿನ ನಂಬರಿಗೆ ಹೋಗುತ್ತಾನೆ. ಈ ಸಹಾಯಕನಿಗೆ ಮಧ್ಯರಾತ್ರಿಯೂ ಒಂದೇ, ಒಟ್ಟಿಗೆ ಬಂದ ಹತ್ತು ಕರೆಗಳೂ ಒಂದೇ!

ಆದರೆ ಎರಡು ಕಟ್ಟುಪಾಡು ಬೇಕೇ ಬೇಕು. ಒಂದು, ಕ್ಯಾಲೆಂಡರಿನಲ್ಲಿ ಇಲ್ಲದ್ದಕ್ಕೆ ಅದು ಮಾತು ಕೊಡಕೂಡದು; ತಿಳಿಯದ್ದು ಬಂದರೆ ಮಾಲೀಕರಿಗೇ ಕರೆ ದಾಟಿಸಬೇಕು. ಎರಡು, ತಾನು ಯಂತ್ರವೆಂದು ಮೊದಲೇ ಹೇಳಬೇಕು. ಡುಪ್ಲೆಕ್ಸ್ ಬಗ್ಗೆ ಟೀಕೆ ಎದ್ದಾಗ ಗೂಗಲ್ ಕೂಡ ಅದಕ್ಕೆ ಒಪ್ಪಿತು.

ಇನ್ನು ನಮ್ಮ ಕನ್ನಡ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ, ಬೆಂಗಳೂರಿನ ಸರ್ವಂ ಕಂಪನಿ, 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ ಎಲ್ಲವೂ ಯಂತ್ರಕ್ಕೆ ಕನ್ನಡ ಕಲಿಸುತ್ತಿವೆ. 2011ರ ಜನಗಣತಿಯಂತೆ ನಾವು 4.37 ಕೋಟಿ ಕನ್ನಡಿಗರು. ಆದರೆ ಕಲಬುರಗಿಯ ಕನ್ನಡ ಬೇರೆ, ಕುಂದಾಪುರದ್ದು ಬೇರೆ, ಮಂಡ್ಯದ್ದು ಬೇರೆ. ಯಂತ್ರ ಕಲಿಯುವುದು ಕೇಳಿಸಿಕೊಂಡ ದನಿಗಳಿಂದ ಮಾತ್ರ. ಭಾಷಿಣಿಯ 'ಭಾಷಾದಾನ'ದಲ್ಲಿ ಯಾರು ಬೇಕಾದರೂ ತಮ್ಮ ದನಿ ಕೊಡಬಹುದು. ನಿಮ್ಮೂರಿನ ಕನ್ನಡವನ್ನೂ ಕೊಡಿ. ನಾಳೆ ನಿಮ್ಮೂರಿನವರು ಫೋನ್ ಮಾಡಿದಾಗ ಅವರ ಮಾತು ಅದಕ್ಕೆ ಅರ್ಥವಾಗಲಿ.